ಸಮುರಾಯಿ ಹೆಚ್ಚೋ, ನೈಟ್ ಹೆಚ್ಚೋ?

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಇಮ್ಮಡಿ ಪುಲಿಕೇಶಿಯ ನಾಟಕದ ತಾಲೀಮು ನಡೆದಿತ್ತು. ದೊಡ್ಡವರು ಚಹಾ ಕುಡಿಯಲು ಹೊರಗೆ ಹೋದ ಹೊತ್ತಿನಲ್ಲಿ ಹುಡುಗರು, ರಟ್ಟಿಗೆ ಬೇಗಡೆ ಅಂಟಿಸಿದ ಕತ್ತಿಗಳನ್ನು ಎತ್ತಿಕೊಂಡು ಯುದ್ಧಕ್ಕೆ ಇಳಿದುಬಿಟ್ಟರು. ಒಬ್ಬ ಎರಡೂ ಕೈಗಳಿಂದ ಕತ್ತಿ ಹಿಡಿದು ತಾನು ಸಮುರಾಯಿ ಎಂದ. ಇನ್ನೊಬ್ಬ ಉಪ್ಪಿಟ್ಟಿನ ತಟ್ಟೆಯನ್ನೇ ಗುರಾಣಿ ಮಾಡಿಕೊಂಡು ತಾನು ಯುರೋಪಿನ ನೈಟ್ ಎಂದ. ಪುಲಿಕೇಶಿಯಾಗಲು ಯಾರೂ ಮುಂದೆ ಬರಲಿಲ್ಲ ಎಂಬುದು ನಮಗೆ ಸ್ವಲ್ಪ ಬೇಸರದ ಸಂಗತಿಯೇ. ಕೊನೆಗೆ ಎರಡೂ ಕತ್ತಿಗಳು ಮುರಿದು, ಇಬ್ಬರೂ ತೀರ್ಪಿಗಾಗಿ ನಮ್ಮ ಬಳಿ ಬಂದರು. "ಕಾಕಾ, ಖರೆ ಹೇಳ್ರಿ. ಅವರಿಬ್ಬರು ಎದುರಾಬದುರು ನಿಂತರ ಯಾರು ಗೆಲ್ತಾರ?"

ಸಮುರಾಯಿ ಎಂದು ಹೇಳಿ ಪಾರಾಗುವುದು ಸುಲಭವಿತ್ತು. ಅಕಿರಾ ಕುರೊಸಾವಾ ಅವರ 1954ರ 'ಸೆವೆನ್ ಸಮುರಾಯ್' ಚಿತ್ರ ನೋಡಿದ ಯಾರೇ ಆದರೂ ಹಾಗೆಯೇ ಹೇಳಿಯಾರು. ಆದರೆ ನಾವು ಓದಿದ್ದು ಬಿ.ಎಸ್ಸಿ. ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಕಡತಗಳನ್ನು ಹೊರುತ್ತಿದ್ದರೂ, ಆಧಾರವಿಲ್ಲದೆ ಟಿಪ್ಪಣಿ ಬರೆಯಬಾರದೆಂಬ ಶಿಸ್ತು ಎರಡೂ ಕಡೆಯಿಂದ ಅಂಟಿಕೊಂಡಿದೆ. 'ಮುಂದಿನ ವಾರ ಹೇಳುತ್ತೇವೆ' ಎಂದೆವು. ಮೂರು ತಿಂಗಳು ಹಿಡಿಯಿತು. ಓದಿ ತಿಳಿದದ್ದನ್ನು ಆ ಹುಡುಗರಿಗಷ್ಟೇ ಹೇಳುವುದಕ್ಕಿಂತ ಇಲ್ಲಿ ಬರೆದರೆ ಅವರ ತಂದೆತಾಯಿಗಳೂ ಓದಬಹುದೆಂದು ಈ ಲೇಖನ.

ಮೊದಲಿಗೇ ಒಂದು ಮಾತು. ನಾವೆಲ್ಲ ಸಮುರಾಯಿ ಎಂದೊಡನೆ ಬಾಗಿದ ಕತ್ತಿಯನ್ನೂ ನೈಟ್ ಎಂದೊಡನೆ ನೇರ ಕತ್ತಿಯನ್ನೂ ಕಣ್ಣೆದುರು ತಂದುಕೊಳ್ಳುತ್ತೇವೆ. ಆದರೆ ಅವರವರ ಏರುಗಾಲದಲ್ಲಿ ಇಬ್ಬರಿಗೂ ಕತ್ತಿ ಮುಖ್ಯ ಆಯುಧವಾಗಿರಲಿಲ್ಲ. ಸಮುರಾಯಿಯ ವಿದ್ಯೆಗೆ ಹಳೆಯ ಜಪಾನೀ ಹೆಸರೇ 'ಬಿಲ್ಲು ಮತ್ತು ಕುದುರೆಯ ದಾರಿ' ಎಂದು. ಆಳಿಗಿಂತ ಎತ್ತರದ, ಎರಡು ಮೀಟರಿಗೂ ಮೀರಿದ ಬಿಲ್ಲು. ಹಿಡಿ ನಟ್ಟನಡುವೆ ಇರದೆ ಕೆಳಗಿನಿಂದ ಮೂರನೆಯ ಒಂದು ಪಾಲಿನಷ್ಟು ಎತ್ತರದಲ್ಲಿ. ಓಡುವ ಕುದುರೆಯ ಮೇಲಿಂದ ಇಂಥದನ್ನು ಎಳೆದು ಗುರಿಯಿಡುವುದು ಎಳವೆಯಿಂದ ಕಲಿತವನಿಗಲ್ಲದೆ ಸಾಧ್ಯವಿಲ್ಲ. ಎರಡು ಕೈಗಳೂ ಬಿಲ್ಲಿಗೇ ಬೇಕಾದ್ದರಿಂದ ಗುರಾಣಿ ಹಿಡಿಯಲು ಮೂರನೆಯ ಕೈ ಇಲ್ಲ. ಹಾಗಾಗಿ ಗುರಾಣಿಯನ್ನೇ ಎರಡು ಹಲಗೆಗಳಂತೆ ಹೆಗಲಿಗೆ ಕಟ್ಟಿಕೊಂಡರು. ಚಿತ್ರಗಳಲ್ಲಿ ಕಾಣುವ ಆ ಅಗಲವಾದ ಭುಜಪಟ್ಟಿಗಳ ಗುಟ್ಟು ಇಷ್ಟೇ.

ಯುರೋಪಿನಲ್ಲಿ ಇದು ತಿರುವುಮುರುವು. ಅಲ್ಲಿ ಬಿಲ್ಲು ಸಾಮಾನ್ಯ ರೈತನ ಆಯುಧ, ಕುಲೀನನದು ಉದ್ದನೆಯ ಭರ್ಜಿ. ಅದನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿ, ಎತ್ತರದ ಹಿಂದಾನಿಕೆಯಿರುವ ಜೀನಿಗೆ ಬೆನ್ನುಕೊಟ್ಟು, ರಿಕಾಪಿನ ಮೇಲೆ ಕಾಲೂರಿ ಕುದುರೆಯನ್ನು ನುಗ್ಗಿಸಿದರೆ ಕುದುರೆಯ ಮತ್ತು ಸವಾರನ ಒಟ್ಟು ತೂಕದ ವೇಗವೆಲ್ಲ ಒಂದು ಮೊನೆಯಲ್ಲಿ ಕೂಡಿಕೊಳ್ಳುತ್ತದೆ. ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರ ನೆನಪಿರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಬ್ಬ ದೂರದಿಂದ ಕೊಲ್ಲಲು ಕಲಿತವನು, ಇನ್ನೊಬ್ಬ ಡಿಕ್ಕಿ ಹೊಡೆದು ಕೊಲ್ಲಲು ಕಲಿತವನು.

ಸಮುರಾಯಿಯ ನಿಜವಾದ ಬದುಕು ಹೇಗಿತ್ತೆಂಬುದಕ್ಕೆ ತಕೆಝಾಕಿ ಸುಯೆನಾಗ ಎಂಬವನ ಕತೆ ನಮಗೆ ಬಹಳ ಹಿಡಿಸಿತು. 1274ರಲ್ಲಿ ಕುಬ್ಲಾಯಿ ಖಾನನ ಮಂಗೋಲ ಸೇನೆ ಕ್ಯೂಷೂ ದ್ವೀಪದ ಹಕಾಟ ಕೊಲ್ಲಿಯಲ್ಲಿ ಬಂದಿಳಿಯಿತು. ಹಿಗೊ ಪ್ರಾಂತ್ಯದ ಬಡ ಸಮುರಾಯಿ ಈ ಸುಯೆನಾಗ, ಬೆರಳೆಣಿಕೆಯಷ್ಟು ಸವಾರರೊಡನೆ ಎಲ್ಲರಿಗಿಂತ ಮೊದಲು ಶತ್ರುಗಳ ಮೇಲೆ ನುಗ್ಗಿದ. ಕುದುರೆಗೆ ಬಾಣ ತಾಗಿತು, ತಾನೂ ಗಾಯಗೊಂಡ. ಹಿಂದಿನಿಂದ ಇನ್ನೊಂದು ದಂಡು ಬಂದದ್ದರಿಂದ ಜೀವ ಉಳಿಯಿತು. ಯುದ್ಧವೇನೋ ಮುಗಿಯಿತು, ಆದರೆ ಬಹುಮಾನ ಬರಲಿಲ್ಲ. ಮೇಲಧಿಕಾರಿಯ ವರದಿಯಲ್ಲಿ ತನ್ನ ಹೆಸರು ಸರಿಯಾಗಿ ಮೇಲಕ್ಕೆ ಹೋಗಿಲ್ಲವೆಂದು ಅವನಿಗೆ ಅನುಮಾನ! ಮರುವರ್ಷ ಕುದುರೆ, ಜೀನು ಮಾರಿ ದಾರಿಖರ್ಚು ಹೊಂದಿಸಿಕೊಂಡು ದೂರದ ಕಾಮಕುರಾ ರಾಜಧಾನಿಗೆ ಹೋದ. ಬಹುಮಾನದ ಇಲಾಖೆಯ ಅದಾಚಿ ಯಾಸುಮೋರಿ ಎಂಬ ಅಧಿಕಾರಿ ಕೇಳಿದ್ದು ಎರಡು ಪ್ರಶ್ನೆ. ಶತ್ರುವಿನ ತಲೆ ತಂದೆಯಾ? ನಿನ್ನ ಕಡೆ ಸತ್ತವರೆಷ್ಟು? ಎರಡಕ್ಕೂ ಸುಯೆನಾಗನ ಬಳಿ ಉತ್ತರವಿಲ್ಲ, ಇದ್ದದ್ದು ಗಾಯ ಮಾತ್ರ. ಆದರೂ ಅವನು ಪಟ್ಟು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ನುಗ್ಗಿದವನು ತಾನು, ವಿಚಾರಿಸಿ ನೋಡಿ, ಸುಳ್ಳಾದರೆ ತನ್ನ ತಲೆ ತೆಗೆಯಿರಿ ಎಂದು ವಾದಿಸಿದ. ಕಡೆಗೆ ಒಂದು ಕುದುರೆಯೂ ಒಂದು ಊರಿನ ಭೂಮಿಯ ಅಧಿಕಾರವೂ ಸಿಕ್ಕಿತು. ಆ ಸಂತೋಷಕ್ಕೆ, ಕೆಲವು ವರ್ಷಗಳ ಮೇಲೆ, ತನ್ನ ಪರಾಕ್ರಮವನ್ನೂ ಈ ಅರ್ಜಿಯ ಪ್ರಸಂಗವನ್ನೂ ಚಿತ್ರದ ಸುರುಳಿಗಳಲ್ಲಿ ಬರೆಯಿಸಿದ. ಅವು ಇಂದಿಗೂ ಜಪಾನಿನ ಅರಮನೆಯ ಸಂಗ್ರಹದಲ್ಲಿವೆ. ಪ್ರಯಾಣ ಭತ್ಯೆಯ ಬಿಲ್ಲು ವರ್ಷಗಟ್ಟಲೆ ಪಾಸಾಗದೆ ಕುಳಿತದ್ದನ್ನು ಕಂಡ ನಮ್ಮಂಥವರಿಗೆ ಈ ವೀರ ಬಂಧುವಿನಂತೆ ಕಂಡರೆ ಆಶ್ಚರ್ಯವೇನು?

ಇದು ಬರಿಯ ಹಾಸ್ಯವಲ್ಲ. 14ನೆಯ ಶತಮಾನದ ಜಪಾನಿನಲ್ಲಿ ಯುದ್ಧ ಮುಗಿದ ಮೇಲೆ ಸಮುರಾಯಿಗಳು ಯಾವ ದಿನ, ಎಲ್ಲಿ, ಯಾವ ಆಯುಧದಿಂದ, ಮೈಯ ಯಾವ ಭಾಗಕ್ಕೆ ಗಾಯವಾಯಿತೆಂದು ಬರೆದು ಸಲ್ಲಿಸುತ್ತಿದ್ದರು. ಸೇನಾನಿ 'ನೋಡಲಾಗಿದೆ' ಎಂದು ರುಜು ಹಾಕುತ್ತಿದ್ದ. ಇಂಥ ನೂರಾರು ಅರ್ಜಿಗಳನ್ನು ಅಮೆರಿಕದ ಇತಿಹಾಸಕಾರ ಥಾಮಸ್ ಕಾನ್ಲನ್ ಲೆಕ್ಕ ಹಾಕಿದ್ದಾರೆ. ಗಾಯಗಳಲ್ಲಿ ಬಹುಪಾಲು ಬಾಣದವು. ಕತ್ತಿಯ ಗಾಯ ಎರಡನೆಯ ಸ್ಥಾನದಲ್ಲಿ, ಅದೂ ಬಹಳ ಹಿಂದೆ. ದಂತಕತೆ ಒಂದು ಹೇಳಿದರೆ ಕಡತ ಇನ್ನೊಂದು ಹೇಳುತ್ತದೆ. ನಾವು ಕಡತದ ಪಕ್ಷ.

ಇನ್ನು ನೈಟ್‌ಗಳ ಬಗ್ಗೆ ಇರುವ ದಂತಕತೆ ಹೊಗಳಿಕೆಯದಲ್ಲ, ತೆಗಳಿಕೆಯದು. ಅವರ ಕವಚ ಎಷ್ಟು ಭಾರವೆಂದರೆ ಬಿದ್ದರೆ ಏಳಲಾಗದು, ಕುದುರೆ ಹತ್ತಿಸಲು ರಾಟೆ ಬೇಕು, ಕತ್ತಿ ಹತ್ತು ಕಿಲೋ ತೂಗುತ್ತದೆ ಎಂದೆಲ್ಲ. ರಾಟೆಯ ದೃಶ್ಯ ಲಾರೆನ್ಸ್ ಒಲಿವಿಯರ್ ಅವರ 1944ರ 'ಹೆನ್ರಿ ದಿ ಫಿಫ್ತ್' ಚಿತ್ರದಲ್ಲಿದೆ, ಇತಿಹಾಸದಲ್ಲಿಲ್ಲ. 15ನೆಯ ಶತಮಾನದ ಉಕ್ಕಿನ ಪೂರ್ಣಕವಚ ಸುಮಾರು 20ರಿಂದ 25 ಕಿಲೋ. ಅದೂ ಒಂದೇ ಕಡೆ ನೇತಾಡದೆ ಮೈತುಂಬ ಹಂಚಿಕೊಂಡಿರುತ್ತದೆ. ಸಮುರಾಯಿಯ ಹಳೆಯ ಕವಚವೂ ಹೆಚ್ಚುಕಡಿಮೆ ಅಷ್ಟೇ ತೂಕ. ಫ್ರಾನ್ಸಿನ ದಂಡನಾಯಕ ಬೂಸಿಕೋ, ಶಿರಸ್ತ್ರಾಣವೊಂದನ್ನು ಬಿಟ್ಟು ಉಳಿದ ಕವಚವನ್ನೆಲ್ಲ ತೊಟ್ಟು ಲಾಗ ಹಾಕುತ್ತಿದ್ದ, ಏಣಿಯ ಹಿಂಬದಿಯಿಂದ ಕೈಗಳ ಬಲದಲ್ಲೇ ಹತ್ತುತ್ತಿದ್ದ ಎಂದು ಅವನ ಕಾಲದಲ್ಲೇ ಬರೆದ ಚರಿತ್ರೆ ಹೇಳುತ್ತದೆ. ಅಂಥವನೂ 1415ರ ಅಜಿನ್‌ಕೋರ್ ಯುದ್ಧದಲ್ಲಿ ಸೆರೆಸಿಕ್ಕು, 1421ರಲ್ಲಿ ಇಂಗ್ಲೆಂಡಿನಲ್ಲೇ ಸತ್ತ. ಅಲ್ಲಿ ಅವರನ್ನು ಸೋಲಿಸಿದ್ದು ಹದಗೊಂಡ ಹೊಲದ ಕೆಸರು ಮತ್ತು ರೈತರ ಬಿಲ್ಲು.

ಕತ್ತಿಗಳನ್ನು ತೂಗಿ ನೋಡಿದರೆ ಜಗಳ ಇನ್ನೂ ಕಡಿಮೆಯಾಗುತ್ತದೆ. ಜಪಾನಿನ ಕಟಾನ ಒಂದು ಕಿಲೋದ ಆಸುಪಾಸು. ಯುರೋಪಿನ ಎರಡು ಕೈಯ ಉದ್ದಗತ್ತಿ ಒಂದೂಕಾಲರಿಂದ ಒಂದೂವರೆ ಕಿಲೋ. ಕಟಾನವನ್ನು ಹದ ಮಾಡುವ ಕ್ರಮ ಮಾತ್ರ ನಿಜಕ್ಕೂ ಸೊಗಸು. ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಕುಲುಮೆಯಲ್ಲಿ ಕರಗಿಸಿ ತೆಗೆದ ಉಕ್ಕನ್ನು ಮಡಿಸಿ ಮಡಿಸಿ ಬಡಿಯುತ್ತಾರೆ. ಆಮೇಲೆ ಅಲಗಿಗೆ ತೆಳುವಾಗಿಯೂ ಬೆನ್ನಿಗೆ ದಪ್ಪವಾಗಿಯೂ ಜೇಡಿ ಬಳಿದು, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಅಲಗು ಥಟ್ಟನೆ ತಣಿದು ಗಡಸಾಗುತ್ತದೆ, ಬೆನ್ನು ಮೆಲ್ಲಗೆ ತಣಿದು ಮೆದುವಾಗಿ ಉಳಿಯುತ್ತದೆ. ಗಡಸಾದ ಉಕ್ಕು ಕೊಂಚ ಹಿಗ್ಗುವುದರಿಂದ ಕತ್ತಿ ಆ ಕ್ಷಣದಲ್ಲಿ ತಾನಾಗಿ ಇನ್ನಷ್ಟು ಬಾಗುತ್ತದೆ. ಇಂಥ ಅಲಗಿನ ಹರಿತಕ್ಕೆ ಸಾಟಿಯಿಲ್ಲ. ಆದರೆ ಗಟ್ಟಿಯಾದದ್ದಕ್ಕೆ ಬಡಿದರೆ ಚೂರು ಹಾರುತ್ತದೆ, ಅಡ್ಡಕ್ಕೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಯುರೋಪಿನ ಒಳ್ಳೆಯ ಕತ್ತಿ ಸ್ಪ್ರಿಂಗಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಎರಡರಲ್ಲಿ ಯಾವುದೂ ಉಕ್ಕಿನ ತಗಡಿನ ಕವಚವನ್ನು ಸೌತೆಕಾಯಿಯಂತೆ ಸೀಳಲಾರದು. ಚಲನಚಿತ್ರದವರು ಏನೇ ತೋರಿಸಲಿ.

ನಮಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ ಇಲ್ಲಿದೆ. ಕತ್ತಿಯಿಂದ ಕವಚ ಸೀಳಲಾಗದಿದ್ದರೆ ಕವಚ ತೊಟ್ಟವನನ್ನು ಕೊಲ್ಲುವುದು ಹೇಗೆ? ಇಟಲಿಯ ಫಿಯೋರೆ ಎಂಬ ಗುರು 1410ರ ಸುಮಾರಿನಲ್ಲಿ ಬರೆಸಿದ ಸಚಿತ್ರ ಗ್ರಂಥದಲ್ಲೂ, ಜರ್ಮನಿಯ ಹಾನ್ಸ್ ಟಾಲ್‌ಹೋಫರ್‌ನ 15ನೆಯ ಶತಮಾನದ ಗ್ರಂಥಗಳಲ್ಲೂ ಉತ್ತರ ಚಿತ್ರವಾಗಿ ಕಾಣುತ್ತದೆ. ಒಂದು ಕೈಯಿಂದ ಸ್ವಂತ ಕತ್ತಿಯ ಅಲಗನ್ನೇ ನಡುವಿನಲ್ಲಿ ಹಿಡಿದು, ಅದನ್ನು ಗಿಡ್ಡ ಈಟಿಯಂತೆ ಮಾಡಿಕೊಂಡು ಕಂಕುಳು, ಮುಖಗವಸಿನ ಸಂದಿ, ಅಂಗೈಗೆ ಇರಿಯುವುದು; ಇಲ್ಲವೆ ಕತ್ತಿಯನ್ನು ತಲೆಕೆಳಗಾಗಿ ಹಿಡಿದು ಹಿಡಿಯಿಂದಲೇ ಸುತ್ತಿಗೆಯಂತೆ ಬಡಿಯುವುದು; ಅದೂ ಆಗದಿದ್ದರೆ ಕುಸ್ತಿಯ ಪಟ್ಟು ಹಾಕಿ ನೆಲಕ್ಕೆ ಕೆಡವಿ ಕಠಾರಿ ಚುಚ್ಚುವುದು. ಜಪಾನಿನಲ್ಲೂ ಇದೇ. ಕವಚ ತೊಟ್ಟೇ ಆಡುವ ಕುಸ್ತಿಗೆ ಅಲ್ಲಿ ಪ್ರತ್ಯೇಕ ವಿದ್ಯೆ ಬೆಳೆಯಿತು, ಸಂದಿಗಳಲ್ಲಿ ತೂರಿಸಲು ದಪ್ಪ ಬೆನ್ನಿನ ಕಠಾರಿಯೇ ಬೇರೆ ಬಂತು. ಇಂದಿನ ಜೂಡೋ ಆಟದ ಬೇರು ಹುಡುಕಿದರೆ ಇಂಥ ಕಡೆಗೇ ಹೋಗಿ ಮುಟ್ಟುತ್ತದೆ. ಬೇರೆಬೇರೆ ಕೋಣೆಗಳಲ್ಲಿ ಕುಳಿತು ಒಂದೇ ಪ್ರಶ್ನೆಪತ್ರಿಕೆ ಬಿಡಿಸಿದ ಇಬ್ಬರು ವಿದ್ಯಾರ್ಥಿಗಳು ಒಂದೇ ಉತ್ತರ ಬರೆದಂತೆ. ಇಲ್ಲಿ ನಕಲು ಹೊಡೆದರೆಂದು ಯಾರೂ ಹೇಳುವಂತಿಲ್ಲ. ಯುರೋಪಿನವರು ಜಪಾನಿನ ನೆಲದ ಮೇಲೆ ಮೊದಲು ಕಾಲಿಟ್ಟದ್ದೇ 1540ರ ದಶಕದಲ್ಲಿ.

ಹಾಗಾದರೆ ಜಪಾನಿನ ವಿದ್ಯೆ ಮಾತ್ರ ಜಗತ್ಪ್ರಸಿದ್ಧವಾಗಿ, ಯುರೋಪಿನದು ಒರಟು ಬಡಿದಾಟವೆಂಬ ಹೆಸರು ಹೊತ್ತದ್ದೇಕೆ? ಕಲಿಸಿದವರು ಯಾರು, ಕಲಿತವರು ಯಾರು ಎಂದು ನೋಡಿದರೆ ತಿಳಿಯುತ್ತದೆ. ಯುರೋಪಿನ ಅತಿ ಹಳೆಯ ಕತ್ತಿವರಸೆಯ ಪುಸ್ತಕ 1300ರ ಆಚೀಚಿನದು, ಈಗ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದೆ. ಅದರಲ್ಲಿ ಕಲಿಸುವವನು ಒಬ್ಬ ಪಾದ್ರಿ. ಕೊನೆಯ ಪುಟಗಳಲ್ಲಿ ವಾಲ್‌ಪುರ್ಗಿಸ್ ಎಂಬ ಹೆಂಗಸು ಕತ್ತಿ, ಕಿರುಗುರಾಣಿ ಹಿಡಿದು ಅವನಿಗೆ ಎದುರಾಗುತ್ತಾಳೆ! ಜರ್ಮನಿಯ ಪಟ್ಟಣಗಳಲ್ಲಿ ಕತ್ತಿಯ ಗರಡಿಗಳಿಗೆ ಬರುತ್ತಿದ್ದವರಲ್ಲಿ ಕುಶಲಕರ್ಮಿಗಳೇ ಬಹಳ. ಫ್ರಾಂಕ್‌ಫರ್ಟಿನ 'ಸಂತ ಮಾರ್ಕನ ಸೋದರರು' ಎಂಬ ಕತ್ತಿಗಾರರ ಸಂಘಕ್ಕೆ 1487ರಲ್ಲಿ ಚಕ್ರವರ್ತಿಯ ಸನ್ನದು ಸಿಕ್ಕಿತು. 1570ರಲ್ಲಿ ದೊಡ್ಡ ಗ್ರಂಥ ಅಚ್ಚು ಹಾಕಿಸಿದ ಯೋಆಕಿಂ ಮೇಯರ್, ಸ್ಟ್ರಾಸ್‌ಬರ್ಗಿನಲ್ಲಿ ಚಾಕು ಮಾಡುವವನು. ಬಂದೂಕು ಬಂದು, ಹಗುರವಾದ ಚುಚ್ಚುಗತ್ತಿಯ ಫ್ಯಾಷನ್ ಬಂದು, ಹಳೆಯ ವರಸೆ ಮರೆತುಹೋಯಿತು. ಪುಸ್ತಕ ಉಳಿಯಿತು, ಗುರು ಉಳಿಯಲಿಲ್ಲ. 1990ರ ದಶಕದಿಂದೀಚೆಗೆ ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಅಲ್ಲಿಯ ಉತ್ಸಾಹಿಗಳು ಮತ್ತೆ ಅಭ್ಯಾಸ ಹೂಡಿದ್ದಾರೆ.

ಜಪಾನಿನಲ್ಲಿ ತದ್ವಿರುದ್ಧ. 1588ರಲ್ಲಿ ಹಿದೆಯೋಷಿ ರೈತರ ಮನೆಗಳಿಂದ ಕತ್ತಿಗಳನ್ನು ಕಿತ್ತುಕೊಂಡ. ಮುಂದೆ ಜೋಡಿ ಕತ್ತಿ ಕಟ್ಟಿಕೊಳ್ಳುವುದು ಸಮುರಾಯಿ ಜಾತಿಯ ಗುರುತಾಯಿತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ವಿದ್ಯೆ ಕಡಿಯದೆ ಇಳಿದು ಬಂತು. 15ನೆಯ ಶತಮಾನದಲ್ಲಿ ಆರಂಭವಾದ ಕಟೋರಿ ಶಿಂತೊ ಪಂಥದ ಗರಡಿ ಇಂದಿಗೂ ನಡೆದಿದೆ.

ಆದರೆ ಯುದ್ಧರಂಗದಲ್ಲಿ ಈ ವಿದ್ಯಾವಂತರ ಕಾಲ ಅಷ್ಟು ಹೊತ್ತಿಗೆ ಕಳೆದಿತ್ತು. ಯುರೋಪಿನಲ್ಲಿ 1302ರಷ್ಟು ಹಿಂದೆಯೇ ಕೋರ್ಟ್ರೆ ಎಂಬಲ್ಲಿ ಫ್ಲಾಂಡರ್ಸಿನ ನೇಕಾರರೂ ಕಸಬುದಾರರೂ ಕಾಲಾಳುಗಳಾಗಿ ನಿಂತು ಫ್ರಾನ್ಸಿನ ನೈಟ್‌ಗಳನ್ನು ಬಡಿದುಹಾಕಿ, ಅವರ ಚಿನ್ನದ ಹಿಮ್ಮಡಿಮುಳ್ಳುಗಳನ್ನು ನೂರುಗಟ್ಟಲೆ ಆರಿಸಿ ಇಗರ್ಜಿಯಲ್ಲಿ ತೂಗುಹಾಕಿದ್ದರು. ಜಪಾನಿಗೆ 1543ರಲ್ಲಿ ಪೋರ್ಚುಗೀಸರ ಬಂದೂಕು ಬಂತು. 1575ರ ನಾಗಷಿನೊ ಯುದ್ಧದಲ್ಲಿ ಒಡಾ ನೊಬುನಾಗನ ಬಂದೂಕುಧಾರಿ ಕಾಲಾಳುಗಳು ತಕೆದ ಮನೆತನದ ಹೆಸರಾಂತ ಸೇನೆಯನ್ನು ಮುರಿದರು. ಅರವತ್ತಕ್ಕೂ ಹೆಚ್ಚು ದ್ವಂದ್ವಗಳಲ್ಲಿ ಸೋಲರಿಯೆನೆಂದು ಬರೆದುಕೊಂಡ ಮಿಯಾಮೊಟೊ ಮುಸಾಷಿಯೇ 1638ರ ಷಿಮಾಬಾರಾ ದಂಗೆಯಲ್ಲಿ ಕೋಟೆಯ ಮೇಲಿಂದ ಬಿದ್ದ ಕಲ್ಲಿಗೆ ಕಾಲು ಗಾಯ ಮಾಡಿಕೊಂಡ. ಕೋಟೆಯೊಳಗಿದ್ದವರಲ್ಲಿ ಹೆಚ್ಚಿನವರು ರೈತರು.

ಇಬ್ಬರೂ ನಿಜವಾಗಿ ಎದುರಾದದ್ದೇ ಇಲ್ಲವೆ ಎಂದು ಓದುಗರು ಕೇಳಬಹುದು. ನೈಟ್ ಮತ್ತು ಸಮುರಾಯಿ ಎಂಬ ಹೆಸರಿನಲ್ಲಿ ಇಲ್ಲ. ಆದರೆ 1605ರ ಡಿಸೆಂಬರಿನಲ್ಲಿ, ಈಗಿನ ಸಿಂಗಪುರಕ್ಕೆ ಹತ್ತಿರದ ಬಿಂಟಾನ್ ದ್ವೀಪದ ಬಳಿ, ಸರ್ ಎಡ್ವರ್ಡ್ ಮಿಚೆಲ್‌ಬೋರ್ನನ 'ಟೈಗರ್' ಎಂಬ ಇಂಗ್ಲಿಷ್ ಹಡಗು ಜಪಾನೀ ಕಡಲುಗಳ್ಳರಿದ್ದ ಒಂದು ಜಂಕ್ ದೋಣಿಯನ್ನು ಸಂಧಿಸಿತು. ಎರಡು ದಿನ ಪರಸ್ಪರ ಉಪಚಾರ ನಡೆಯಿತು. ಮಿಚೆಲ್‌ಬೋರ್ನನೂ ಆ ಸಮುದ್ರದಲ್ಲಿ ಸುಲಿಗೆ ಮಾಡುತ್ತಿದ್ದವನೇ, ಹೀಗಾಗಿ ಒಬ್ಬರಿಗೊಬ್ಬರು ಸರಿಯಾದ ಜೋಡಿ. ಹಡಗಿಗೆ ಬಂದ ಜಪಾನೀಯರ ಆಯುಧ ಇಳಿಸಿಕೋ ಎಂದು ನಾಯಕ ತನ್ನ ನಾವಿಕ ಜಾನ್ ಡೇವಿಸನಿಗೆ ಹೇಳಿದ್ದ. ಅವರ ವಿನಯ ಕಂಡು ಡೇವಿಸ್ ಸುಮ್ಮನಾದ. ಸಂಜೆಯಾಗುತ್ತಲೇ ಅವರು ಎರಗಿದರು. ಮೊದಲು ಬಿದ್ದವನು ಡೇವಿಸನೇ. ಸಾಮಾನ್ಯ ಮನುಷ್ಯನಲ್ಲ ಆತ. ಗ್ರೀನ್‌ಲೆಂಡಿನ ಪಕ್ಕದ ಡೇವಿಸ್ ಜಲಸಂಧಿಗೆ ಅವನದೇ ಹೆಸರು, ಸೂರ್ಯನಿಗೆ ಬೆನ್ನು ಮಾಡಿ ಸೂರ್ಯನ ಎತ್ತರ ಅಳೆಯುವ ಉಪಕರಣ ಅವನ ಕಾಣಿಕೆ, 1601ರಲ್ಲಿ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಮೊಟ್ಟಮೊದಲ ಹಡಗುಗಳಿಗೆ ದಾರಿ ತೋರಿಸಿದವನೂ ಅವನೇ. ಇಪ್ಪತ್ತು ಚಿಲ್ಲರೆ ಜಪಾನೀಯರು ಹಡಗಿನ ಕೋಣೆಯೊಂದನ್ನು ಹಿಡಿದು ಗಂಟೆಗಟ್ಟಲೆ ಹೋರಾಡಿದರು. ಇಂಗ್ಲಿಷರು ಉದ್ದ ಈಟಿಗಳಿಂದ ಅವರನ್ನು ತಡೆದರೇ ಹೊರತು ಒಳಗೆ ಹೋಗಲಾಗಲಿಲ್ಲ. ಕಡೆಗೆ ತಮ್ಮದೇ ಹಡಗಿನೊಳಗೆ ಎರಡು ಫಿರಂಗಿಗಳನ್ನು ತಿರುಗಿಸಿ, ಚೂರುಗುಂಡು ತುಂಬಿ, ಹಲಗೆಗೋಡೆಯ ಮೂಲಕವೇ ಹಾರಿಸಿದರು. ಅಲ್ಲಿಗೆ ಮುಗಿಯಿತು. ಪೂರ್ವದ ಬಂದರುಗಳಲ್ಲಿ ಜಪಾನೀಯರನ್ನು ಆಯುಧಸಹಿತ ಇಳಿಯಗೊಡುವುದಿಲ್ಲ, ಅಷ್ಟು ಭಯ ಎಂದು ಆಮೇಲೆ ಮಿಚೆಲ್‌ಬೋರ್ನನೇ ಬರೆದ. ಕೈಯ ವರಸೆಯಲ್ಲಿ ಯಾರು ಮೇಲಾದರು, ಗೆದ್ದವರು ಯಾರು, ಓದುಗರೇ ನೋಡಿಕೊಳ್ಳಬಹುದು.

ಕತ್ತಿಯ ಕೀರ್ತಿ ಬೆಳೆದದ್ದು ಕತ್ತಿಗೆ ಕೆಲಸವಿಲ್ಲದಾಗ. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ, ಷಿಮಾಬಾರಾ ದಂಗೆಯೊಂದನ್ನು ಬಿಟ್ಟರೆ, ಟೊಕುಗಾವ ಆಳ್ವಿಕೆಯ ಎರಡು ಶತಮಾನಕ್ಕೂ ಹೆಚ್ಚು ಕಾಲ ಜಪಾನಿನಲ್ಲಿ ದೊಡ್ಡ ಯುದ್ಧವೇ ಇಲ್ಲ. ಸಮುರಾಯಿಗಳು ಏನಾದರು? ಗುಮಾಸ್ತರಾದರು! ಅಕ್ಕಿಯ ಅಳತೆಯಲ್ಲಿ ಸಂಬಳ, ಕಂದಾಯದ ಲೆಕ್ಕ, ಕಾವಲು ಪಾಳಿ, ಮೇಲಿನವರಿಗೆ ನಮಸ್ಕಾರ. ಸೊಂಟದಲ್ಲಿ ಮಾತ್ರ ಕತ್ತಿ. ಸಾವಿಗೆ ಸದಾ ಸಿದ್ಧನಾಗಿರುವುದೇ ಸಮುರಾಯಿಯ ದಾರಿ ಎಂದು ಸಾರುವ 'ಹಗಾಕುರೆ' ಗ್ರಂಥದ ಯಾಮಾಮೊಟೊ ಟ್ಸುನೆಟೊಮೊ ಹುಟ್ಟಿದ್ದು 1659ರಲ್ಲಿ. ಸಾಗಾ ಸಂಸ್ಥಾನದ ದೊರೆಯ ಬಳಿ ಬರವಣಿಗೆ, ಪುಸ್ತಕಗಳ ಕೆಲಸ ನೋಡಿಕೊಂಡಿದ್ದವನು, ಒಂದು ಯುದ್ಧವನ್ನೂ ಕಂಡವನಲ್ಲ. ಮೇಜಿನ ಮುಂದೆ ಕುಳಿತು ಸವೆದವನ ಮನಸ್ಸಿನಲ್ಲಿ ಎಂಥ ಯುದ್ಧಗಳು ನಡೆಯುತ್ತವೆ ಎಂಬುದು ನಮಗೆ ತಿಳಿಯದ ವಿಷಯವಲ್ಲ. ಅವನನ್ನು ನಗುವ ಮನಸ್ಸು ನಮಗೆ ಬರಲಿಲ್ಲ.

'ಬುಷಿದೊ' ಎಂಬ ಪದವನ್ನು ಹೊರಜಗತ್ತಿನ ಮನೆಮಾತು ಮಾಡಿದ ಪುಸ್ತಕ ಬರೆದ ನಿಟೊಬೆ ಇನಾಝೊ ಕೃಷಿಶಾಸ್ತ್ರ ಓದಿದವರು. 1900ರ ಹೊತ್ತಿಗೆ ಪ್ರಕಟವಾದ ಅದನ್ನು ಅವರು ಬರೆದದ್ದು ಅಮೆರಿಕದಲ್ಲಿ ಕುಳಿತು, ಇಂಗ್ಲಿಷಿನಲ್ಲಿ. ಊರು ಬಿಟ್ಟು ದೂರ ಕುಳಿತವನಿಗೆ ಊರಿನದೆಲ್ಲ ಎರಡು ಪಟ್ಟು ಹೊಳೆಯುತ್ತದೆ. ನಮ್ಮ ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನವರೂ ಹಿಂದೆ ಬೀಳಲಿಲ್ಲ. ವಾಲ್ಟರ್ ಸ್ಕಾಟನ 'ಐವನ್‌ಹೋ' ಓದಿ ಮೈಮರೆತ ಶ್ರೀಮಂತರು 1839ರಲ್ಲಿ ಸ್ಕಾಟ್‌ಲೆಂಡಿನ ಎಗ್ಲಿಂಟನ್‌ನಲ್ಲಿ ಹಳೆಯ ಕವಚ ತೊಟ್ಟು ಭರ್ಜಿಯ ಪಂದ್ಯ ಏರ್ಪಡಿಸಿದರು. ಸಾವಿರಾರು ಜನ ಸೇರಿದರು. ಮಳೆ ಹುಯ್ದು ಎಲ್ಲ ಕೆಸರಾಯಿತು.

ಈಗ ಹುಡುಗರ ಪ್ರಶ್ನೆಗೆ ಬರೋಣ. ಬಯಲಿನಲ್ಲಿ, ಕುದುರೆಯ ಮೇಲೆ, ನಡುವೆ ಐವತ್ತು ಅರವತ್ತು ಮಾರು ದೂರವಿದ್ದರೆ ನಮ್ಮ ಮತ ಸಮುರಾಯಿಗೆ. ನೈಟ್‌ನ ಕವಚ ತಡೆದರೂ ಕುದುರೆ ಉಳಿಯಲಾರದು. 1450ರ ಪೂರ್ಣಕವಚದ ನೈಟ್ ಕಾಲ್ನಡೆಯಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂದುಬಿಟ್ಟರೆ ಮತ ಅವನಿಗೆ. ಅವನ ಕವಚದಲ್ಲಿ ಸಂದಿಗಳು ಕಡಿಮೆ. ಇದನ್ನು ಜಪಾನೀಯರೇ ಒಪ್ಪಿಕೊಂಡಂತಿದೆ. 16ನೆಯ ಶತಮಾನದ ಕೊನೆಯಲ್ಲಿ ಅವರ ಸರದಾರರು ಯುರೋಪಿನ ಎದೆಗವಚಗಳನ್ನು ತರಿಸಿ, ತಮ್ಮ ಕವಚಕ್ಕೆ ಹೊಂದಿಸಿ ತೊಡತೊಡಗಿದರು. ಕವಚವಿಲ್ಲದೆ ಬರಿಯ ಕತ್ತಿ ಹಿಡಿದು ನಿಂತರೆ, ಆ ದಿನ ಯಾರು ಚೆನ್ನಾಗಿ ನಿದ್ದೆ ಮಾಡಿದ್ದರೋ ಅವರಿಗೆ.

ಹುಡುಗರು ಇದನ್ನು ಉತ್ತರವೆಂದು ಒಪ್ಪಲಿಲ್ಲ. ಅವರಿಗೆ ಹಿಡಿಸಿದ್ದು ಬೇರೊಂದು ಸಂಗತಿ. 1613ರಲ್ಲಿ ಶೋಗುನ್ ಟೊಕುಗಾವ ಹಿದೆತಾದ, ಕಂಪನಿಯ ಕಪ್ತಾನ ಜಾನ್ ಸಾರಿಸನ ಕೈಯಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆ ಎರಡು ಜಪಾನೀ ಕವಚಗಳನ್ನು ಉಡುಗೊರೆ ಕಳಿಸಿದ. ಲಂಡನ್ ಟವರಿನ ಆಯುಧಶಾಲೆಯಲ್ಲಿ, ಯುರೋಪಿನ ಕವಚಗಳ ಜೊತೆಯಲ್ಲೇ, ಅದಕ್ಕೆ ಜಾಗ ಸಿಕ್ಕಿತು. ಆದರೆ ಅರ್ಧ ಶತಮಾನದೊಳಗೆ ಅದು ಎಲ್ಲಿಂದ ಬಂತೆಂಬುದೇ ಮರೆತುಹೋಗಿ, 1660ರ ದಾಸ್ತಾನು ಪಟ್ಟಿಯಲ್ಲಿ ಯಾವನೋ ಗುಮಾಸ್ತ ಅದನ್ನು ಹಿಂದುಸ್ತಾನದ ಮಹಾ ಮೊಗಲ ಕಳಿಸಿದ್ದೆಂದು ಬರೆದುಬಿಟ್ಟ. ತಪ್ಪು ಬಹುಕಾಲ ಹಾಗೆಯೇ ನಡೆಯಿತು. ಈಗ ತಿದ್ದಲಾಗಿದೆ.